ಟೈರ್ ಚಾಚಾರ ಹೊಟ್ಟೆಯ ಗುಳ್ಳೆ

ಚಾಚಾರ ಬಲಗೈಯ ತೋರುಬೆರಳು ಯಾವಾಗಲೂ ಹಸಿಯಾಗಿರುತ್ತಿತ್ತು. ಗಾಲಿಗೆ ಹವಾ ತುಂಬಿದ ಮೇಲೆ ಅವರು ಆ ಬೆರಳನ್ನು ನಾಲಿಗೆಗೆ ತಾಗಿಸಿ, ಎಂಜಲನ್ನು ವಾಲ್ವಿನ ಬಾಯಿಗೆ ಹಚ್ಚಿ, ಉಸಿರು ಬಿಗಿಹಿಡಿದು ನೋಡುತ್ತ ಕೂರುತ್ತಿದ್ದರು. ಅಲ್ಲೊಂದು ಗುಳ್ಳೆ ಎದ್ದರೆ ಹವಾ ಸೋರುತ್ತಿದೆ ಎಂದರ್ಥ. ಏಳದಿದ್ದರೆ ವಾಲ್ವಿನ ಟೋಪಿ ತಿರುವಿ, ಗಾಲಿಯ ಬೆನ್ನಿಗೊಂದು ಪೆಟ್ಟು ಕೊಟ್ಟು, "ಹೋಗ್ರಿ, ಬೇಫಿಕರ್ ಹೋಗ್ರಿ" ಎನ್ನುತ್ತಿದ್ದರು. ನನ್ನ ಅವ್ವನಿಗೆ ಅದು ಹೇಸಿಗೆ. ನನಗೋ, ಆ ಬೆರಳು ಮುಟ್ಟದ ಗಾಡಿಯನ್ನು ಓಣಿಯಿಂದಾಚೆ ಒಯ್ಯಲು ಧೈರ್ಯವೇ ಬರುತ್ತಿರಲಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಓಣಿ ದೊಡ್ಡ ರಸ್ತೆಗೆ ಕೂಡುವಲ್ಲಿ ಅವರ ಟೈರ್ ಅಂಗಡಿ, ಅದರ ಬೆನ್ನಿಗೇ ಮನೆ. ಅಪ್ಪ ತೀರಿಕೊಂಡ ವರ್ಷ ನಾನು ಧಾರವಾಡದ ಕಾಲೇಜಿಗೆ ಸ್ಕೂಟರ್ ಮೇಲೆ ಹೋಗುತ್ತೇನೆ ಎಂದೆ. ಅವ್ವ ಸುತಾರಾಂ ಒಪ್ಪಲಿಲ್ಲ. ಗಂಡನನ್ನು ಕಳೆದುಕೊಂಡವಳು ಮಗಳನ್ನು ಲಾರಿಗಳ ನಡುವೆ ಕಳಿಸುವುದಾದರೂ ಹೇಗೆ? ಚಾಚಾ ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತು, "ಭಾಭಿ, ಹುಡುಗಿ ನಿಮ್ಮ ಜವಾಬ್ದಾರಿ, ಗಾಲಿ ನನ್ನ ಜವಾಬ್ದಾರಿ. ಕಳಸ್ರಿ" ಎಂದರು. ಅವ್ವ ಕಳಿಸಿದಳು. ಅಲ್ಲಿಂದ ಮುಂದೆ ಪ್ರತಿ ರವಿವಾರ ಬೆಳಿಗ್ಗೆ, ಯಾರೂ ಕರೆಯದೆ, ಅವರು ಬಂದು ನನ್ನ ಸ್ಕೂಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ನಾನಿವತ್ತು ಅದೇ ಧಾರವಾಡದಲ್ಲಿ ಪಾಠ ಹೇಳಿ ಬದುಕುತ್ತಿದ್ದರೆ ಅದಕ್ಕೆ ಆ ಒಂದು ಮಾತು ಕಾರಣ.

ಉದ್ದ ಆಳು, ಸಣಕಲು ಮೈ, ಕಿವಿಯ ಸಂದಿಯಲ್ಲಿ ಒಂದು ಬೀಡಿ. ಯಾರಿಗೂ ಹೆದರದ ಆಸಾಮಿ ಹೆದರುತ್ತಿದ್ದದ್ದು ಒಂದಕ್ಕೇ, ಟೈರಿನ ಪಕ್ಕೆಯಲ್ಲಿ ಎದ್ದ ಗುಳ್ಳೆಗೆ. ಒಳಗಿನ ಪದರು ಸೋತಲ್ಲಿ ಹವಾ ನುಗ್ಗಿ ರಬ್ಬರು ಉಬ್ಬಿಕೊಳ್ಳುತ್ತದಲ್ಲ, ಅದು. ಅಂಥ ಗಾಡಿ ಬಂದರೆ ಮಾಲೀಕನನ್ನು ಕೆಳಗಿಳಿಸಿ ಬೈಯುತ್ತಿದ್ದರು. "ಇದು ಇವತ್ತ ಒಡೀತೈತೋ ನಾಳಿ ಒಡೀತೈತೋ ಮ್ಯಾಲಿನ ಮಾಲಿಕ್‌ಗೊಬ್ಬಗ ಗೊತ್ತು. ಹೇಂತಿ ಮಕ್ಕಳನ್ನ ಕೂಡಿಸ್ಕೊಂಡ ಹೊಂಟೀಯಲ್ಲೋ ಶಾಣ್ಯಾ!"

ಒಮ್ಮೆ ಅವರಿಗೆ ಸೊಂಟದ ಬಳಿ ವಿಪರೀತ ನೋವು ಬಂತು. ಕಿಡ್ನಿಯ ಕಲ್ಲಿರಬೇಕೆಂದು ಸ್ಕ್ಯಾನ್ ಮಾಡಿಸಿದರು. ಇಂಗ್ಲಿಷ್ ರಿಪೋರ್ಟ್ ಓದಲೆಂದು ಅವರ ಹೆಂಡತಿ ಚಾಚಿ ನನ್ನನ್ನು ಜೊತೆಗೆ ಕರೆದೊಯ್ದರು. ಡಾಕ್ಟರಮ್ಮ ಕಲ್ಲಿನ ಮಾತನ್ನು ಬೇಗ ಮುಗಿಸಿ, ಒಂದು ಹಾಳೆಯ ಮೇಲೆ ಕೊಳವೆಯ ಚಿತ್ರ ಬಿಡಿಸಿದರು.

"ಕಲ್ಲ ಸಣ್ಣದೈತ್ರಿ, ತಾನ ಹೋಗ್ತೈತಿ. ಆದ್ರ ಎದಿಯಿಂದ ಕೆಳಗ ಇಳಿಯೂ ದೊಡ್ಡ ರಕ್ತನಾಳ ಹೊಟ್ಟ್ಯಾಗ ಒಂದ ಕಡೆ ಉಬ್ಬೈತ್ರಿ. ಆಪರೇಷನ್ ಮಾಡೂವಷ್ಟ ದೊಡ್ಡದಾಗಿಲ್ಲ. ಆಗಾಗ ಸ್ಕ್ಯಾನ್ ಮಾಡಿ ನೋಡ್ಕೋತ ಹೋಗೂಣು."

ಚಾಚಾರ ಮುಖ ಬಿಳಿಚಿಕೊಂಡಿತು. ಡಾಕ್ಟರಮ್ಮ ಪೆನ್ನನ್ನು ಚಿತ್ರದ ಮೇಲ್ತುದಿಗೆ ಒಯ್ದರು. "ಇದನ್ನ ಛಂದಂಗ ಕೇಳ್ರಿ. ಇಷ್ಟ ಸಣ್ಣದಿದ್ದವ್ರಿಗೆ ಇದು ಒಡಿಯೂದಕ್ಕಿಂತ ಹಾರ್ಟ್ ಅಟ್ಯಾಕಿನ ಅಂಜಿಕಿನ ಹೆಚ್ಚರಿ. ಇಲ್ಲೆ ನಾಳ ಕೆಟ್ಟೈತಿ ಅಂದ್ರ ಎದಿಯಾಗಿನ ನಾಳಾನೂ ಕೆಟ್ಟಿರಬಹುದು. ಬೀಡಿ ಬಿಡ್ರಿ. ಬಿಪಿ ಗುಳಿಗಿ, ಕೊಬ್ಬಿನ ಗುಳಿಗಿ ಎರಡೂ ತಪ್ಪಸಬ್ಯಾಡ್ರಿ. ದಿನಾ ಅಡ್ಡಾಡ್ರಿ."

ಚಾಚಾರ ಕಣ್ಣು ಚಿತ್ರದಲ್ಲಿ ನಾಳ ಉಬ್ಬಿದ ಜಾಗದಿಂದ ಮೇಲೇರಲೇ ಇಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಸಿದರು.

"ಸೈಡಿಗೆ ಗುಳ್ಳಿ ಎದ್ದೈತಿ ಬೇಟಿ."

ಆ ಮಾತಿನೊಂದಿಗೆ ರೋಗ ಪೂರಾ ಅವರಿಗೆ ಅರ್ಥವಾಗಿಹೋಯಿತು. ಅದೇ ಅನರ್ಥವಾಯಿತು. ಗುಳ್ಳೆ ಎದ್ದ ಟೈರನ್ನು ಹೇಗೆ ನಡೆಸಬೇಕೆಂಬುದು ಅವರಿಗೆ ಕರತಲಾಮಲಕ. ಭಾರ ಹೇರಬಾರದು, ಓಡಿಸಬಾರದು, ತಗ್ಗಿಗೆ ಇಳಿಸಬಾರದು, ಹವಾ ಕಮ್ಮಿ ಇಡಬೇಕು. ದೇಹಕ್ಕೂ ಅದೇ ಕಾನೂನು ಬಂತು. ನಡೆಯುವುದು ಬಿಟ್ಟರು. ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಲ್ಲಿಂದಲೇ ಕೆಲಸದವರಿಗೆ ಹೇಳತೊಡಗಿದರು. ನಮಾಜಿಗೂ ಕುರ್ಚಿ, ಬಗ್ಗಿದರೆ ಹೊಟ್ಟೆಗೆ ಒತ್ತು ಬೀಳುತ್ತದೆಂದು. ಸೀನು ಬಂದರೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಗಿರಾಕಿಗಳನ್ನು ಕಾಡಿಸಿ ಹೋ ಎಂದು ನಗುತ್ತಿದ್ದವರು ನಗುವುದನ್ನೂ ಕಮ್ಮಿ ಮಾಡಿದರು.

ಆ ಭಯ ನಮ್ಮ ಮನೆಗೂ ಹಬ್ಬಿತು. ರಸ್ತೆಯಲ್ಲಿ ಎಲ್ಲಾದರೂ ಟೈರು ಢಬ್ ಎಂದರೆ ಅವ್ವ ಒಲೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಚಾಚಿಗೆ ನಿದ್ದೆ ಹಾರಿಹೋಯಿತು. "ಕೈ ಇಟ್ರ ಬಡ್ಕೋತೈತಿ ಬೇಟಿ, ಹೊಟ್ಟ್ಯಾಗ ಇನ್ನೊಂದ ಎದಿ ಇದ್ಹಂಗ" ಎಂದು ಒಮ್ಮೆ ನನ್ನೆದುರು ಅತ್ತರು. ಪಾಠದ ನಡುವೆ ಅವರ ನಂಬರಿನಿಂದ ಫೋನ್ ಬಂದರೂ ಎತ್ತುತ್ತಿದ್ದೆ. ಅವರು ಕೇಳುತ್ತಿದ್ದದ್ದು, ಬರುವಾಗ ಕೊತ್ತಂಬರಿ ತರುತ್ತೀಯಾ ಎಂದು.

ಗುಳಿಗೆಗಳದ್ದು ಬೇರೆ ಕಥೆ. ಬಿಪಿಯ ಗುಳಿಗೆಗೆ ಅವರು ಹವಾದ ಗುಳಿಗೆ ಎಂದು ಹೆಸರಿಟ್ಟು ನೇಮದಿಂದ ನುಂಗುತ್ತಿದ್ದರು. ಕೊಬ್ಬಿನ ಗುಳಿಗೆ ಮಾತ್ರ ಡಬ್ಬಿಯಲ್ಲೇ ಉಳಿಯುತ್ತಿತ್ತು. ಕೇಳಿದರೆ ತಮ್ಮ ಎಲುಬಿನ ಕೈ ಚಾಚಿ, "ಎಲ್ಲೈತಿ ಕೊಬ್ಬು? ತೋರಸ ನೋಡೂಣು. ಕೊಬ್ಬ ಇರೂದು ನಿನಗ, ನೌಕರಿ ಸಿಕ್ಕ ಮ್ಯಾಲೆ" ಎಂದು ನನ್ನನ್ನೇ ಕಿಚಾಯಿಸುತ್ತಿದ್ದರು. ಬೀಡಿಯ ವಿಷಯಕ್ಕೆ ನಾನು ಜಗಳವನ್ನೇ ಆಡಿದೆ. ಅದಕ್ಕೂ ಉತ್ತರ ಸಿದ್ಧವಿತ್ತು. "ಬೀಡಿ ಹೊಗಿ ಹೊಟ್ಟಿಗೆ ಎಲ್ಲಿ ಹೊಕ್ಕೈತಿ? ಎದಿಗೆ ಹೋಗ್ತೈತಿ. ಗುಳ್ಳಿ ಇರೂದು ಹೊಟ್ಟ್ಯಾಗ."

ಅದಕ್ಕೇ ಹೆದರ್ರಿ ಚಾಚಾ, ಎದೆಗೆ ಹೋಗುತ್ತದೆಂದೇ ಹೆದರ್ರಿ ಎಂದು ಡಾಕ್ಟರಮ್ಮನ ಮಾತನ್ನು ಮತ್ತೆ ಮತ್ತೆ ಹೇಳಿದೆ. ಆಗ ಅವರು ನಗಲಿಲ್ಲ. "ಒಂದ ಅಂಜಿಕಿ ಸಾಕ ಬೇಟಿ. ಎರಡೆರಡ ಅಂಜಿಕಿ ಹೊತ್ಗೊಂಡ ಮನಷ್ಯಾ ಹ್ಯಾಂಗ ಮಲಗಬೇಕು?" ಎಂದರು.

ಸ್ಕ್ಯಾನಿನ ದಿನ ನಾನೇ ಕಾರು ನಡೆಸುತ್ತಿದ್ದೆ. ಹುಬ್ಬಳ್ಳಿಯ ತಗ್ಗುಗಳನ್ನು ತಪ್ಪಿಸುತ್ತ, ಹಿಂದಿನವರ ಹಾರ್ನ್ ಕೇಳುತ್ತ, ಬೆವರುತ್ತ ಹೋಗುವುದು. ಚಾಚಾ ಬೆಲ್ಟನ್ನು ಹೊಟ್ಟೆಗೆ ತಾಗದಂತೆ ಎತ್ತಿ ಹಿಡಿದು, "ಮುಂದ ಹಂಪ್ ಐತಿ, ಸಾವಕಾಶ" ಎನ್ನುತ್ತಿದ್ದರು. ಗುಳ್ಳೆ ಬೆಳೆದಿಲ್ಲ ಎಂದು ತಿಳಿದರೆ ಆ ಸಂಜೆ ಓಣಿಗೆಲ್ಲ ಚಾಚಿಯ ಶಾವಿಗೆ ಪಾಯಸ. ಎದೆಯ ಪರೀಕ್ಷೆಯನ್ನೂ ಮಾಡಿಸಿರೆಂದು ಡಾಕ್ಟರಮ್ಮ ಪ್ರತಿ ಸಲ ಹೇಳುತ್ತಿದ್ದರು, ಚಾಚಾ ಪ್ರತಿ ಸಲ "ಮುಂದಿನ ಸರ್ತಿ ನೋಡೂಣ್ರಿ" ಎನ್ನುತ್ತಿದ್ದರು.

ಕಳೆದ ಚಳಿಗಾಲದ ಒಂದು ರವಿವಾರ ಬೆಳಿಗ್ಗೆ ಚಾಚಿ ಕೂಗಿದ ಕೂಗಿಗೆ ನಾನೂ ಅವ್ವನೂ ಬರಿಗಾಲಲ್ಲಿ ಓಡಿದೆವು. ಚಾಚಾ ಮನೆಯೊಳಗೆ ಕುರ್ಚಿಯಲ್ಲಿ ಕೂತಿದ್ದರು. ಅಂಗಿ ಬೆವರಿಗೆ ಮೈಗಂಟಿತ್ತು.

"ಹೊಟ್ಟೀನಽ ಚಾಚಾ? ಹೊಟ್ಟಿ ನೋಯಾಕತ್ತೈತೇನು?" ಎಂದೆ.

ಅವರು ಬೆರಳಿನಿಂದ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿಕೊಂಡರು. ಆಮೇಲೆ, ಎಷ್ಟೋ ದಿನಗಳ ನಂತರ, ಹಲ್ಲು ಕಾಣುವಂತೆ ನಕ್ಕರು. "ಇಲ್ಲ ಬೇಟಿ. ಹೊಟ್ಟಿ ಛಲೋ ಐತಿ. ಎಡಗಡೆ ರಟ್ಟಿ ಹಿಡದೈತಿ ಅಷ್ಟ. ದವಡಿನೂ ಚೂರು ಜಗ್ಗಾಕತ್ತೈತಿ."

"ಅಲ್ಲಾಹ್ ದೊಡ್ಡಾಂವ" ಎಂದು ಚಾಚಿ ಗೋಡೆಗೊರಗಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಶುಂಠಿ ಚಹಾಕ್ಕೆ ನೀರಿಟ್ಟಳು. ನನಗೂ ಆ ಕ್ಷಣ ಹೋದ ಜೀವ ಬಂದಂತಾಗಿತ್ತು. ಚಾಚಿ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದರು. ಚಾಚಾರ ತುಟಿ ನೀಲಿಗಟ್ಟಿದ್ದನ್ನು ನೋಡಿದ ಮೇಲೆ ನನ್ನ ಕಿವಿಯಲ್ಲಿ ಡಾಕ್ಟರಮ್ಮನ ದನಿ ಎದ್ದು ನಿಂತಿತು. ಎದೆ, ಎದೆ ಎಂದು ಚೀರಿದೆ. ಕಾರು ತಂದು ನಿಲ್ಲಿಸುವಷ್ಟರಲ್ಲಿ ಅವರ ತಲೆ ಒಂದು ಬದಿಗೆ ವಾಲಿತ್ತು. ಆ ದಿನ ನಾನು ಒಂದು ತಗ್ಗನ್ನೂ ತಪ್ಪಿಸಲಿಲ್ಲ.

ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬರು ಎದೆಯನ್ನು ಒತ್ತುತ್ತಲೇ, "ನೋವು ಯಾವಾಗ ಶುರು ಆತ್ರಿ?" ಎಂದು ಕೇಳಿದರು. ಚಾಚಿ ಮುಂದೆ ಬಂದು, "ಹೊಟ್ಟಿ ಒಂಚೂರೂ ನೋಯ್ಲಿಲ್ರಿ ಸಾಹೇಬ್ರ, ಖರೇನಽ ನೋಯ್ಲಿಲ್ರಿ" ಎಂದರು. ಕೇಳಿದ್ದಕ್ಕೆಲ್ಲ ಅದೇ ಉತ್ತರ. ಸ್ವಲ್ಪ ಹೊತ್ತಿಗೆ ಡಾಕ್ಟರು ಕೈ ತೆಗೆದರು. ಭಾರೀ ಹಾರ್ಟ್ ಅಟ್ಯಾಕ್ ಎಂದರು. ಹಳೆಯ ರಿಪೋರ್ಟ್ ನೋಡಿ ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿದ್ದರಂತೆ. ಅಲ್ಲಿ ಏನೂ ಆಗಿರಲಿಲ್ಲ.

ಅಂಗಡಿಯನ್ನು ಈಗ ಅವರ ತಮ್ಮ ನಡೆಸುತ್ತಾರೆ. ಒಡಹುಟ್ಟಿದವರಿಗೂ ಇದು ಬರಬಹುದೆಂದು ಅವರನ್ನು ಸ್ಕ್ಯಾನಿಗೂ ಎದೆಯ ಪರೀಕ್ಷೆಗೂ ನಾನೇ ಹಟ ಹಿಡಿದು ಕರೆದೊಯ್ದೆ. ಎದೆಯ ಪರೀಕ್ಷೆ ಮುಗಿಯುವವರೆಗೆ ಕೋಣೆಯ ಬಾಗಿಲಿಗೇ ಅಂಟಿ ನಿಂತಿದ್ದೆ. ಸಂಜೆ ಕಾಲೇಜಿನಿಂದ ಬಂದವಳು ಚಾಚಿಯ ಹತ್ತಿರ ಒಂದಷ್ಟು ಹೊತ್ತು ಕೂತು ಬರುತ್ತೇನೆ. ಅವರು ಬೇರೇನೂ ಕೇಳುವುದಿಲ್ಲ. ನನ್ನ ಕೈ ಹಿಡಿದುಕೊಂಡು ಒಂದನ್ನೇ ಕೇಳುತ್ತಾರೆ.

"ಗುಳ್ಳಿ ಒಡೀಲಿಲ್ಲಲ್ಲ ಬೇಟಿ?"

"ಇಲ್ಲ ಚಾಚಿ. ಒಡೀಲಿಲ್ಲ."

"ಭಾಳ ಜ್ವಾಪಾನ ಮಾಡಿದ್ವಿ ನಾವು."

"ಹೌದ್ರಿ ಚಾಚಿ" ಎನ್ನುತ್ತೇನೆ. "ಭಾಳ ಜ್ವಾಪಾನ ಮಾಡಿದ್ವಿ."