ಯೆನ್ ಅಕ್ಕನ ಯಂತ್ರಕ್ಕೆ ಕಟ್ಟಿದ ಹಸಿರು ಪೊಟ್ಟಣ

ತೈವಾನಿನ ದಾಜಿಯಾದಲ್ಲಿ ನಮ್ಮದು ಸೈಕಲ್ ಫ್ರೇಮಿನ ಕಾರ್ಖಾನೆ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಅಲ್ಯೂಮಿನಿಯಂಗೆ ವೆಲ್ಡಿಂಗ್ ಮಾಡುತ್ತಿರುವವಳು ಚಿಯು-ಯೆನ್, ನಮಗೆಲ್ಲ ಯೆನ್ ಅಕ್ಕ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಪಕ್ಕದ ಮೇಜಿನವನಾದ ನಾನು ದಿನಾ ಬೈಸಿಕೊಂಡೇ ಕೆಲಸ ಕಲಿತವನು.

ನಮ್ಮಲ್ಲಿ ಪ್ರತಿ ಯಂತ್ರಕ್ಕೂ ಕುರುಕಲು ತಿಂಡಿಯ ಪೊಟ್ಟಣ ಕಟ್ಟುತ್ತಾರೆ, ಯಂತ್ರ ಹಟ ಮಾಡದಿರಲಿ ಎಂದು. ರಸ್ತೆಯ ಹಸಿರು ದೀಪದಂತೆ ‘ಓಡು’ ಎನ್ನುವ ಹಸಿರು ಪೊಟ್ಟಣವೇ ಆಗಬೇಕು, ಕಟ್ಟಿದ ಮೇಲೆ ಯಾರೂ ಮುಟ್ಟಬಾರದು. ಆ ಸೋಮವಾರ ಕಾರ್ಖಾನೆಯ ಯಜಮಾನರಾದ ಲೈ ಅವರ ಹೆಂಡತಿ ಹೊಸ ಪೊಟ್ಟಣವನ್ನು ಅಕ್ಕನ ಯಂತ್ರದ ಕರೆಂಟನ್ನು ಎಸಿಗೋ ಡಿಸಿಗೋ ಬದಲಿಸುವ ಗುಂಡಿಯ ಮೇಲೇ ಇಟ್ಟು ಟೇಪು ಸುತ್ತಿಬಿಟ್ಟರು. ಶನಿವಾರ ಯಾರೋ ಉಕ್ಕಿನ ಕೆಲಸಕ್ಕೆಂದು ಗುಂಡಿಯನ್ನು ಡಿಸಿಗೆ ತಿರುಗಿಸಿ ಹಾಗೇ ಬಿಟ್ಟಿದ್ದರು.

ಅಕ್ಕ ಹಾಕಿದ ಬೆಸುಗೆಯೆಲ್ಲ ಮಸಿ ಹಿಡಿದ ಪಾತ್ರೆಯ ತಳದಂತಾಯಿತು. ಮಧ್ಯಾಹ್ನ ಗಿರಾಕಿ ಬರುವುದರೊಳಗೆ ಸರಿಹೋಗದಿದ್ದರೆ ಮೇಜು ರೋಬೋಟಿಗೆ, ಅಕ್ಕ ಪ್ಯಾಕಿಂಗಿಗೆ ಎಂದರು ಯಜಮಾನರು. ಅಕ್ಕ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣ್ದಿರೋ ಸಿಪ್ಪೆ ಇರತ್ತೆ ಯಜಮಾನ್ರೇ," ಅಕ್ಕ ಅಂದಳು. "ಎಸಿ ಆದ್ರೆ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡ್ತಾ ಒಂದ್ಸಲ ಸಿಪ್ಪೆ ಸುಲಿಯತ್ತೆ, ಒಂದ್ಸಲ ಕರಗಿಸತ್ತೆ. ಡಿಸಿ ಸಿಪ್ಪೆ ಸುಲಿಯಲ್ಲ. ಪೊಟ್ಟಣ ತೆಗೀರಿ, ಗುಂಡಿ ತಿರುಗಿಸ್ತೀನಿ."

ಪೊಟ್ಟಣ ತೆಗೆಯುವುದುಂಟೇ? ಯಜಮಾನರು ಮೂಲೆಯ ಮಾಜು ದೇವಿಯ ಮುಂದೆ ಮಂಡಿಯೂರಿ, ಹೌದು-ಅಲ್ಲ ಹೇಳುವ ಎರಡು ಮರದ ತುಂಡು ಎಸೆದು, ಎಸಿಯೇ ತಾಯಿ ಎಂದು ಕೇಳಿದರು. ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ದೇವಿ ನಗುತ್ತಿದ್ದಾಳೆಂದು ಅರ್ಥ. ಡಿಸಿಯೇ ಎಂದು ಕೇಳಿದರು. ಮತ್ತೆ ನಕ್ಕಳು. ಬೇರೆ ಯಾವ ಕರೆಂಟಿದೆ ಎಂದು ಯಜಮಾನರು ನನ್ನನ್ನೇ ಕೇಳಿದರು. ನನಗೇನು ಗೊತ್ತು, ಮಣ್ಣು.

ಅಷ್ಟರಲ್ಲಿ ಅಕ್ಕನ ತಾಳ್ಮೆ ತಪ್ಪಿತು. ಟೇಪು ಕತ್ತರಿಸಿ ಪೊಟ್ಟಣ ಕಿತ್ತಳು, ಗುಂಡಿಯನ್ನು ಎಸಿಗೆ ತಿರುಗಿಸಿದಳು, ಮುಖವಾಡ ಇಳಿಸಿದಳು. ಬೆಸುಗೆ ಬೆಳ್ಳಿ ಸರದಂತೆ ಸಾಲಾಗಿ ಕೂತಿತು. ಗಿರಾಕಿ ಬಂದವನು ಬೆರಳಾಡಿಸಿ ನೋಡಿ ತಲೆದೂಗಿ ಹೋದ.

ಯಜಮಾನರು ಪೊಟ್ಟಣಕ್ಕೆ ಮೂರು ಸಲ ಬಾಗಿ ವಂದಿಸಿದರು. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಅದನ್ನು ಅವರ ಎದುರಿನಿಂದ ಎತ್ತಿಕೊಂಡು, ಹರಿದು, ನಿಂತಲ್ಲೇ ತಿನ್ನತೊಡಗಿದಳು.

"ಇನ್ನು ಈ ಯಂತ್ರನ ಯಾರು ನೋಡ್ಕೋತಾರೆ?" ಯಜಮಾನರು ಕೇಳಿದರು.

"ಇಷ್ಟು ವರ್ಷ ಯಾರು ನೋಡ್ಕೊಂಡಿದ್ದು ಅನ್ಕೊಂಡಿದೀರಿ?"

ಯಜಮಾನರು ಮುಂದಿನ ಫ್ರೇಮನ್ನು ತಾವೇ ಎತ್ತಿ ತಂದು ಅವಳ ಮೇಜಿನ ಮೇಲಿಟ್ಟರು.