ಭಾವನ ಕೆಂಪು ಕಾರಿಗೆ ಬೆಲೆ ಕಟ್ಟಿದ್ದು

ನಿನ್ನೆ ಅಟ್ಟ ಗುಡಿಸಲು ಹತ್ತಿದ್ದ ನನ್ನ ಹೆಂಡತಿ ಒಂದು ಪುಟ್ಟ ತಗಡಿನ ಡಬ್ಬಿ ಹಿಡಿದು ಇಳಿದು ಬಂದಳು. "ಇದೇನುಂಗೊ, ಬಿಸಾಡಿಬಿಡ್ಲಾ?" ಎಂದು ಕೇಳಿದಳು. ಮುಚ್ಚಳ ತೆಗೆದೆ. ಒಣಗಿದ ಕಿತ್ತಳೆ ಸಿಪ್ಪೆಯೂ ಸೀಮೆಎಣ್ಣೆಯೂ ಬೆರೆತಂಥ ವಾಸನೆ. ಕಾರಿನ ಚರ್ಮದ ಸೀಟಿಗೆ ಹಚ್ಚುವ ಮೇಣ ಅದು. ಹಳೆಯ ವಾಸನೆಗಳು ಮನಸ್ಸನ್ನು ತಂಪು ಮಾಡುತ್ತವೆ ಎಂದು ಹೇಳುವವರಿದ್ದಾರೆ. ನಾನು ತಟ್ಟನೆ ಮುಚ್ಚಳ ಒತ್ತಿಬಿಟ್ಟೆ. ಮೂರು ವರ್ಷದ ಹಿಂದೆ ಒಂದು ಕಾರಿಗೆ ಬೆಲೆ ಕಟ್ಟುವ ಕೆಲಸ ನನ್ನ ತಲೆಗೆ ಬಂದಿತ್ತು. ಆ ಎರಡು ತಿಂಗಳು ನಾನು ನೆಟ್ಟಗೆ ಉಂಡದ್ದು, ಮಲಗಿದ್ದು ನೆನಪಿಲ್ಲ.

ಕಾರು ನನ್ನದಲ್ಲ, ಅಕ್ಕನ ಗಂಡ ರಂಗಸ್ವಾಮಿ ಭಾವನದು. ನಾವು ತಮಿಳುನಾಡಿನ ಕೊಯಮತ್ತೂರು ಕಡೆಯ ಸಿರುಮುಗೈಯವರು. ರೇಷ್ಮೆ ಸೀರೆ ನೇಯುವ ಮನೆತನ. ಭಾವನಿಗೆ ಸೀರೆ ವ್ಯಾಪಾರ, ನನಗೆ ಅದೇ ಸೀರೆಗಳ ಅಂಚಿಗೆ, ಸೆರಗಿಗೆ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ವಿನ್ಯಾಸ ಬಿಡಿಸುವ ಕೆಲಸ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಕೊಳ್ಳೇಗಾಲದ ಅತ್ತೆಯ ಮನೆಯಲ್ಲಿದ್ದು ಓದಿದ್ದರಿಂದ ಕನ್ನಡ ಅಕ್ಷರ ಬಲ್ಲೆ. ಭಾವನಿಗೆ ಬಾರದು. ಅದಕ್ಕೇ ಇದನ್ನೆಲ್ಲ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ ಅನ್ನಿ.

ಭಾವನಿಗೆ ಕೆಂಪಿನಲ್ಲೇ ಇಪ್ಪತ್ತು ಬಗೆ ಗೊತ್ತು. ಅರಗು, ಕುಂಕುಮ, ದಾಳಿಂಬೆ, ಇಟ್ಟಿಗೆ ಎಂದು ನೂಲಿನ ಲಡಿಗಳನ್ನು ಬೇರೆ ಬೇರೆ ಇಡುತ್ತಿದ್ದರು. ನನಗೆ ಎಲ್ಲವೂ ಕೆಂಪೇ. ಕೊಯಮತ್ತೂರಿನ ಗಿರಣಿ ಮಾಲೀಕರೊಬ್ಬರು ತಮ್ಮ ಹೊರದೇಶದ ಕಾರು ಮಾರುತ್ತಾರೆಂದು ಕೇಳಿ ಸುಮ್ಮನೆ ನೋಡಿ ಬರಲು ಹೋದವರು ಅದರಲ್ಲೇ ಕೂತು ಮನೆಗೆ ಬಂದರು. ಎರಡೇ ಸೀಟು, ನೆಲಕ್ಕೆ ಅಂಟಿದಂಥ ಮೈ, ಮಡಿಸಿ ತೆಗೆಯುವ ಬಟ್ಟೆಯ ಮಾಡು. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ "ಈ ಕೆಂಪು ನೂಲಲ್ಲಿ ಬರಲ್ಲ ಮಚ್ಚಾ, ನಾನು ಎಷ್ಟೋ ಸಲ ಅದ್ದಿಸಿ ನೋಡಿದೀನಿ" ಎಂದರು. ಸರೋಜಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಇಬ್ಬರು ಕೂರೋ ವಂಡಿ. ಮೊಮ್ಮಕ್ಕಳನ್ನ ಎಲ್ಲಿ ಕೂರ್ಸ್ತೀರಿ, ತಲೆ ಮೇಲಾ?" ಎಂದು ಕೇಳಿ ಒಳಗೆ ಹೋದಳು. ಅವಳು ಆ ಕಾರಿನಲ್ಲಿ ಒಂದು ಸಲವೂ ಕೂರಲಿಲ್ಲ. ಪಕ್ಕದ ಸೀಟು ನನ್ನ ಪಾಲಿಗೆ ಬಂತು. ಭಾನುವಾರಗಳಲ್ಲಿ ನಸುಕಿನಲ್ಲೇ ಹೊರಟು ಉಡುಮಲೈಪೇಟೆ ದಾಟಿ ಅಮರಾವತಿ ಅಣೆಕಟ್ಟಿನವರೆಗೆ ಹೋಗಿ ಬರುತ್ತಿದ್ದೆವು. ನಾನು ಟೋಪಿ ಹಾರದಂತೆ ತಲೆಗೆ ಟವೆಲ್ ಬಿಗಿದುಕೊಳ್ಳುತ್ತಿದ್ದೆ. ಹಳ್ಳಿಯ ಹೆಂಗಸರು ನಗುತ್ತಿದ್ದರು. ಭಾವ ಅವರಿಗೆ ಕೈ ಬೀಸುತ್ತಿದ್ದರು.

ಹಾಗೆ ಹೋದ ಒಂದು ಭಾನುವಾರ, ಉಡುಮಲೈ ಹತ್ತಿರದ ತೆಂಗಿನ ತೋಟಗಳ ನಡುವೆ, ಎಡಗಡೆಯಿಂದ ಮೇಕೆಯೊಂದು ರಸ್ತೆಗೆ ಬಂತು. ಓಡಿ ಬರಲಿಲ್ಲ, ಮೆಲ್ಲಗೆ ನಡೆದು ಬಂತು. ಭಾವ ವೇಗ ತಗ್ಗಿಸಲೇ ಇಲ್ಲ. ನಾನು ಕಿರುಚಿದೆ. ಕಾರು ಕಿರ್ರೆಂದು ನಿಂತಿತು. "ಏನು? ಎಲ್ಲಿ?" ಎಂದರು ಭಾವ. ಮೇಕೆ ನನ್ನ ಮೊಣಕೈಯಿಂದ ಒಂದು ಮಾರು ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ಭಾವ ಇನ್ನೂ "ಎಲ್ಲಿ?" ಎನ್ನುತ್ತಿದ್ದರು.

ಬಲವಂತ ಮಾಡಿ ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲೊಂದು ಪರೀಕ್ಷೆ ಇದೆ. ಒಂದು ಬಿಳಿ ಗೂಡಿನೊಳಗೆ ಮುಖವಿಟ್ಟು ಕೂರಬೇಕು. ಎಲ್ಲೆಲ್ಲೋ ಸಣ್ಣ ಬೆಳಕಿನ ಚುಕ್ಕಿ ಹೊಳೆಯುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ನಾನು ಪರದೆಯ ಈಚೆ ಕೂತು ಗುಂಡಿಯ ಸದ್ದು ಕೇಳುತ್ತಿದ್ದೆ. ಟಿಕ್. ಆಮೇಲೆ ಬಹಳ ಹೊತ್ತು ಏನಿಲ್ಲ. ಟಿಕ್. ಮತ್ತೆ ಏನಿಲ್ಲ. ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಕಣ್ಣಿನ ನರ ಸೊರಗಿದೆ, ನೇರಕ್ಕೆ ಎಲ್ಲ ಕಾಣುತ್ತದೆ, ಪಕ್ಕದ್ದು ಹೋಗಿದೆ, ಎಡಗಡೆಯದು ಹೆಚ್ಚು. ಹೋದದ್ದು ಬರುವುದಿಲ್ಲ, ಇರುವುದನ್ನು ಔಷಧಿ ಹನಿಯಿಂದ ಉಳಿಸಿಕೊಳ್ಳಬಹುದು. ಕಾರು ಮುಟ್ಟಬಾರದು.

ಅಂಗಡಿಯಲ್ಲಿ ಯಾರಿಗೂ ಇದು ತಿಳಿಯದೇ ಇದ್ದದ್ದಕ್ಕೆ ಕಾರಣ ಆಗ ಹೊಳೆಯಿತು. ಕಣ್ಣಮುಂದೆ ಹಿಡಿದ ನೂಲಿನಲ್ಲಿ ದಾಳಿಂಬೆಗೂ ಕುಂಕುಮಕ್ಕೂ ಇರುವ ವ್ಯತ್ಯಾಸ ಅವರಿಗೆ ಎಂದಿನಂತೆಯೇ ಕಾಣುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ನನ್ನ ಕೈ ಹಿಡಿದುಕೊಂಡರು. "ನಿನ್ನ ಅಕ್ಕನಿಗೆ ಗೊತ್ತಾಗ್ಬಾರದು. ನನ್ನ ಮೇಲೆ ಆಣೆ. ವಂಡಿ ಮಾರ್ತೀನಿ, ಮಾರಲ್ಲ ಅಂತ ಹೇಳಲ್ಲ. ಆನಾ ಸರಿಯಾದ ವಿಲೈ ಬರ್ಬೇಕು. ಅಲ್ಲೀವರೆಗೂ ನಾನೇ ಓಡಿಸೋದು. ವಿಲೈ ನೀನೇ ನೋಡು."

ಆನಾ ಎಂದರೆ ಆದರೆ, ವಿಲೈ ಎಂದರೆ ಬೆಲೆ. ನಾನು ಒಪ್ಪಿದೆ. ಒಪ್ಪಿದ ಮೇಲೆ ಗೊತ್ತಾಯಿತು, ಅವರು ನನ್ನನ್ನು ಎಲ್ಲಿ ಸಿಕ್ಕಿಸಿದ್ದಾರೆಂದು. ಬೆಲೆ ಏರಿದಷ್ಟೂ ಕಾರು ಅವರ ಕೈಯಲ್ಲಿ ಹೆಚ್ಚು ದಿನ ಇರುತ್ತದೆ. ಇಳಿಸೋಣವೆಂದರೆ ಭಾವನ ಮಾನದ ಪ್ರಶ್ನೆ. ಇಂಥ ಲೆಕ್ಕವನ್ನು ಯಾವ ಜಾಲತಾಣವೂ ಹೇಳಿಕೊಡುವುದಿಲ್ಲ.

ಜಾಲತಾಣಗಳನ್ನು ನೋಡದೆ ಬಿಡಲಿಲ್ಲ. ಅದೇ ಮಾದರಿಯ ಕಾರು ಚೆನ್ನೈಯಲ್ಲೊಂದು, ಕೊಚ್ಚಿಯಲ್ಲೊಂದು ಮಾರಾಟಕ್ಕಿತ್ತು. ಒಂದರ ಬೆಲೆ ಇನ್ನೊಂದರ ಎರಡರಷ್ಟು. ಕೊನೆಗೆ ಕರುಮತ್ತಂಪಟ್ಟಿಯ ಸೆಲ್ವರಾಜ್ ಎಂಬ ಮೆಕ್ಯಾನಿಕ್ಕಿಗೆ ತೋರಿಸಿದೆವು. ಆಸುಪಾಸಿನಲ್ಲಿ ಇಂಥ ಕಾರುಗಳನ್ನು ಬಿಚ್ಚಿ ಜೋಡಿಸಬಲ್ಲವನು ಅವನೊಬ್ಬನೇ. ಅವನು ಎಂಜಿನ್ನಿಗೆ ಕಿವಿಗೊಟ್ಟ, ಮಾಡಿನ ಬಟ್ಟೆ ಎಳೆದು ನೋಡಿದ, ಆಮೇಲೆ ಕಾರಿನ ಸುತ್ತ ಎರಡು ಸುತ್ತು ಬಂದ. ಭಾವ ಚಹಾ ಕುಡಿಯಲು ಆಚೆ ಹೋದಾಗ ನನ್ನನ್ನು ಕರೆದು ತಮಿಳಿನಲ್ಲಿ ಕೇಳಿದ: "ಅಣ್ಣಾ, ಬಲಗಡೆ ಒಂದು ಗೀರಿಲ್ಲ. ಎಡಗಡೆ ಚಕ್ರ, ಬಾಗಿಲು, ಕನ್ನಡಿ, ಎಲ್ಲಾ ಉಜ್ಜಿದೆ. ಏನು ಸಮಾಚಾರ?" ನಾನು ನಮ್ಮ ಬೀದಿ ಕಿರಿದು ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಒಂಬತ್ತರಿಂದ ಒಂಬತ್ತೂವರೆ ಲಕ್ಷ. ಅದಕ್ಕಿಂತ ಮೇಲೆ ಕೇಳಿದರೆ ವಂಡಿ ನಿಮ್ಮನೆಯಲ್ಲೇ ಇರುತ್ತೆ" ಎಂದ.

"ಹದಿನಾಲ್ಕು" ಎಂದರು ಭಾವ, ಚಹಾ ಮುಗಿಸಿ ಬಂದು.

ಹದಿನಾಲ್ಕಕ್ಕೇ ಜಾಹೀರಾತು ಹಾಕಿದೆ. ಒಂದು ಫೋನೂ ಬರಲಿಲ್ಲ. ಭಾವ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ಕಾರು ತೆಗೆಯುತ್ತಿದ್ದರು. ನಮ್ಮ ಮನೆ ಎರಡು ಬೀದಿ ಆಚೆ. ಎಂಜಿನ್ ಗುರ್ ಎಂದ ಕೂಡಲೇ ನನಗೆ ಎಚ್ಚರ. ಹೆಂಡತಿಯ ಕೈಯಿಂದ ಹಾಲಿನ ಪಾತ್ರೆ ಕಿತ್ತುಕೊಂಡು ಮೂಲೆಯವರೆಗೆ ಹೋಗಿ ನಿಲ್ಲುತ್ತಿದ್ದೆ. ಆ ಸದ್ದು ಮರಳಿ ಬರುವವರೆಗೂ ಶಾಲೆಗೆ ಹೊರಟ ಮಕ್ಕಳು, ಸೈಕಲ್ಲಿನಲ್ಲಿ ಹೂವು ಮಾರುವವಳು, ಬಾಗಿಲಿಗೆ ನೀರು ಹಾಕುವ ಮುದುಕಿಯರು, ಎಲ್ಲರೂ ಭಾವನ ಎಡಗಡೆಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ನನ್ನ ಹೆಂಡತಿ, ಪಾಪ, ಗಂಡ ಹಾಲು ತರುವಷ್ಟು ಒಳ್ಳೆಯವನಾದನೆಂದು ನೆರೆಯವರ ಹತ್ತಿರ ಹೇಳಿಕೊಂಡಳಂತೆ.

ಒಂದು ದಿನ ಕಾರು ಅರ್ಧ ಗಂಟೆ ತಡವಾಗಿ ಬಂತು. ಭಾವ ಗೆಳೆಯರೊಬ್ಬರ ಹತ್ತಿರ ಮಾತಾಡುತ್ತ ನಿಂತಿದ್ದರಂತೆ, ಅಷ್ಟೇ. ಆದರೆ ಆ ಅರ್ಧ ಗಂಟೆಯಲ್ಲಿ ನಾನು ಏನೇನು ಕಂಡೆನೆಂದು ಹೇಳಲಾರೆ. ಮನೆಗೆ ಬಂದವನೇ, ಭಾವನನ್ನು ಕೇಳದೆ, ಜಾಹೀರಾತಿನಲ್ಲಿ ಹದಿನಾಲ್ಕನ್ನು ಅಳಿಸಿ ಒಂಬತ್ತೂವರೆ ಎಂದು ಬರೆದೆ. ಬರೆದು, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದೆ. ಕಳ್ಳತನ ಮಾಡಿದವರಿಗೂ ಹೀಗೇ ಆಗುತ್ತದೋ ಏನೋ.

ಸಂಜೆಯೊಳಗೆ ಫೋನು ಬಂತು. ಹೆಣ್ಣು ಧ್ವನಿ, ಅಚ್ಚ ಕನ್ನಡ. ಶಾಹೀನ್ ಎಂದು ಹೆಸರು, ತುಮಕೂರಿನವಳು, ಕೊಯಮತ್ತೂರಿನ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಭಾನುವಾರ ಬೆಳಿಗ್ಗೆ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕಾರಿನ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದಳು. ಭಾವನಿಗೆ ಅವಳು ಹಿಡಿಸಿಬಿಟ್ಟಳು.

"ನಿನ್ನ ಕನ್ನಡ ರೇಡಿಯೋದಲ್ಲಿ ಬರೋ ಥರ ಇದೆಯಮ್ಮಾ."

"ನಿಮ್ಮದೂ ಚೆನ್ನಾಗಿದೆ ಅಂಕಲ್. ಅರ್ಧ ಅರ್ಥ ಆಗ್ತಿದೆ" ಎಂದು ನಕ್ಕಳು ಅವಳು. ಆಮೇಲೆ, "ಒಂದು ರೌಂಡ್ ಹೋಗಿ ಬರೋಣ್ವಾ?" ಎಂದಳು.

"ಮೊದಲು ನಾನು ಓಡಿಸಿ ತೋರಿಸ್ತೀನಿ. ಇದರ ಗುಣ ಗೊತ್ತಾಗ್ಬೇಕಲ್ಲ" ಎಂದು ಭಾವ ಸ್ಟಿಯರಿಂಗಿನ ಹಿಂದೆ ಕೂತೇಬಿಟ್ಟರು.

ಎರಡೇ ಸೀಟು. ನಾನು ಜೊತೆಗೆ ಹೋಗುವಂತಿರಲಿಲ್ಲ. ಆಗ ಬಾಯಿ ಬಿಡಬೇಕಿತ್ತು. ಒಂದೇ ಮಾತು ಸಾಕಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಆಣೆ ಇತ್ತು, ಭಾವ ಪರರ ಮುಂದೆ ಸಣ್ಣವರಾಗುತ್ತಾರೆ ಎಂದಿತ್ತು. ಇವೆಲ್ಲ ಆಮೇಲೆ ನಾನು ಜೋಡಿಸಿಕೊಂಡ ನೆಪಗಳು. ಆ ಗಳಿಗೆಯಲ್ಲಿ ನಾನು ಅವಳಿಗೆ ಕಾರಿನ ಬಾಗಿಲು ತೆಗೆದುಕೊಟ್ಟೆ, ಅಷ್ಟೇ. ಕಾರು ಬೀದಿಯ ತಿರುವು ದಾಟಿ ಹೋಯಿತು.

ಅಕ್ಕ ಕಾಫಿ ತಂದಳು. ನಾನು ಲೋಟ ಮುಟ್ಟದೆ ತಿರುವಿನ ಕಡೆಯೇ ನೋಡುತ್ತಿದ್ದೆ. "ಏನಾಯ್ತೋ? ಯಾಕೆ ಹಿಂಗೆ ಬೆವರ್ತಿದ್ದೀಯ?" ಎಂದಳು. ಅಷ್ಟು ಕೇಳಿದ್ದೇ ಸಾಕಾಯಿತು. ಮೇಕೆ, ಆಸ್ಪತ್ರೆ, ಆಣೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಅಳುತ್ತಾಳೆ, ಕೂಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆ ಹುಡುಗಿಗೆ ಹೇಳಿದ್ಯಾ?"

"ಇಲ್ಲ" ಎಂದೆ.

"ಇನ್ನೊಬ್ಬರ ಮಗಳು ಕಣೋ ಅದು. ಎಲ್ಲಿಂದಲೋ ನಂಬಿ ಬಂದಿದೆ. ಫೋನ್ ಮಾಡು."

ಮಾಡಿದೆ. ಜಗಲಿಯ ಮೇಲೆ ಬಿಟ್ಟುಹೋಗಿದ್ದ ಅವಳ ಚೀಲದೊಳಗೆ ಫೋನು ಹಾಡತೊಡಗಿತು. ಭಾವ ಫೋನು ಒಯ್ಯುವವರೇ ಅಲ್ಲ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಸ್ಕೂಟರಿನ ಹಿಂದೆ ಕೂತಳು. ಹಿಂದಿನಿಂದ ಅವಳ ಬೆರಳುಗಳು ನನ್ನ ಭುಜಕ್ಕೆ ನಾಟಿದ್ದವು. ಎದುರಿಗೆ ಬಂದವರ ಮುಖಗಳಲ್ಲಿ ನಾನು ಸುದ್ದಿ ಹುಡುಕುತ್ತಿದ್ದೆ. ಎಲ್ಲಾದರೂ ಜನ ಗುಂಪುಗೂಡಿದ್ದಾರೆಯೇ ಎಂದು ನೋಡುತ್ತಿದ್ದೆ.

ಭವಾನಿ ಹೊಳೆಯ ಸೇತುವೆಗೆ ಸ್ವಲ್ಪ ಈಚೆ ಕಾರು ನಿಂತಿತ್ತು. ಹುಣಸೆ ಮರದ ಕೆಳಗೆ ಭಾವ ಕೈ ಕಟ್ಟಿಕೊಂಡು ನಿಂತಿದ್ದರು. ಶಾಹೀನ್ ಬಾನೆಟ್ಟಿಗೆ ಒರಗಿದ್ದಳು. ಇಬ್ಬರೂ ಇಡಿಯಾಗಿದ್ದರು. ಸ್ಕೂಟರು ನಿಲ್ಲಿಸಿದೆ. ಅಕ್ಕ ಇಳಿದಳು, ನಾನು ಹಾಗೇ ಕೂತೆ.

ಆದದ್ದನ್ನು ಶಾಹೀನಳೇ ಹೇಳಿದಳು. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಭಾವ ಎರಡು ಸಲ "ಇದ್ದೀಯಾಮ್ಮಾ?" ಎಂದು ಕೇಳಿದರಂತೆ. ಅವಳು ತಮಾಷೆಯೆಂದುಕೊಂಡು ನಕ್ಕಳಂತೆ. ಮೂರನೆಯ ಸಲ ಅವರೇ ಕಾರನ್ನು ಬದಿಗೆ ನಿಲ್ಲಿಸಿ, "ನೀನು ಪಕ್ಕದಲ್ಲಿ ಕೂತಿರೋದು ನನಗೆ ಕಾಣ್ತಿಲ್ಲಮ್ಮಾ. ನನಗೆ ಕಣ್ಣು ಹೋಗ್ತಾ ಇದೆ. ನಿನ್ನನ್ನ ಕೂರಿಸಿಕೊಂಡು ಓಡಿಸೋಕೆ ಮನಸ್ಸು ಬರ್ತಿಲ್ಲ" ಎಂದು ಇಳಿದುಬಿಟ್ಟರಂತೆ.

ನನ್ನನ್ನು ಕೂರಿಸಿಕೊಂಡು ಎಷ್ಟೋ ಮೈಲಿ ಓಡಿಸಲು ಬಂದ ಮನಸ್ಸು ಅದು. ಆ ಹೊತ್ತಿನಲ್ಲೂ ನನಗೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಅಕ್ಕ ಗಂಡನ ಎದುರಿಗೆ, ಅವರಿಗೆ ನೇರವಾಗಿ ಕಾಣುವಂತೆ ಹೋಗಿ ನಿಂತಳು. ಭಾವ ಅವಳ ಮುಖ ನೋಡಿದರು, ಆಮೇಲೆ ಮುಖ ತಿರುಗಿಸಿ ನನ್ನನ್ನು ಹುಡುಕಿದರು. ನಾನು ಅವರ ಎಡಗಡೆಯಲ್ಲಿದ್ದೆ. ಸಿಗಲಿಲ್ಲ.

ಶಾಹೀನ್ ಕೆಮ್ಮಿದಳು. "ಅಂಕಲ್, ಕಾರು ನನಗೆ ಬೇಕು. ಒಂಬತ್ತೂವರೆ ಅಂತ ಹಾಕಿದ್ರಿ."

"ಒಂಬತ್ತೂವರೆಯಾ?" ಭಾವ ತಟಕ್ಕನೆ ಕೇಳಿದರು. ಆಮೇಲೆ ಕಾರಿನ ಎಡಬದಿಗೆ ಹೋಗಿ, ಬಗ್ಗಿ, ಬಾಗಿಲನ್ನು ಬೆರಳಿನಿಂದ ತಡವುತ್ತ, ಕಣ್ಣಮುಂದೆ ಬಂದ ಒಂದೊಂದೇ ಗೀರನ್ನು ನೋಡುತ್ತ ಚಕ್ರದವರೆಗೆ ನಡೆದರು. "ಇಷ್ಟೊಂದಾ! ಇದನ್ನೆಲ್ಲ ನಾನು ನೋಡೇ ಇಲ್ಲ" ಎಂದರು. ಎದ್ದು ನಿಂತು, "ಒಂಬತ್ತು ಕೊಡಮ್ಮಾ. ಇದಕ್ಕೆ ಬಣ್ಣ ಹೊಡೆಸ್ಬೇಕು. ಇದೇ ಕೆಂಪು ಹೊಡೆಸು, ಬೇರೆ ಹೊಡೆಸ್ಬೇಡ" ಎಂದರು.

ಮನೆಯವರೆಗೆ ಕಾರು ಓಡಿಸಿದ್ದು ಅವಳು, ಪಕ್ಕದಲ್ಲಿ ಕೂತದ್ದು ಭಾವ. ಮುಂದಿನ ವಾರ ಕಾಗದಪತ್ರ ಮುಗಿದು ಕಾರು ಹೋಯಿತು, ಸೀಟಿನ ಮೇಣದ ಡಬ್ಬಿ ಮಾತ್ರ ನಮ್ಮನೆಯಲ್ಲೇ ಉಳಿಯಿತು. ಜಾಹೀರಾತಿನ ಬೆಲೆ ಬದಲಿಸಿದ್ದಕ್ಕೆ ಭಾವ ನನ್ನನ್ನು ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ. ಅಕ್ಕ ಮಾತ್ರ ಹದಿನೈದು ದಿನ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಳು. ಭಾವನ ಕಣ್ಣಿಗೆ ಹನಿ ಹಾಕುವಾಗಲೂ ಮೌನವಾಗಿಯೇ ಹಾಕುತ್ತಿದ್ದಳಂತೆ. ನನಗೆ ಅನ್ನ ಬಡಿಸುವಾಗ "ಸಾಕಾ?" ಎಂದು ಕೇಳಿದ ದಿನ ನಾನು ಬೇಡದಿದ್ದರೂ ಎರಡು ಸಲ ಹಾಕಿಸಿಕೊಂಡೆ.

ಇವತ್ತು ಭಾವನ ಆರು ತಿಂಗಳ ತಪಾಸಣೆ ಇತ್ತು. ನನ್ನ ಸಣ್ಣ ಕಾರಿನಲ್ಲಿ ಮೂವರೂ ಹೋದೆವು. ಡಾಕ್ಟರಮ್ಮನ ಕೋಣೆಗೆ ಅಕ್ಕನೇ ಕಡತ ಹಿಡಿದು ಭಾವನ ಜೊತೆಗೆ ಹೋದಳು. ನನ್ನನ್ನು ಹೊರಗೆ ಕೂರಿಸಿದಳು. ಕಾಲು ಗಂಟೆಯ ನಂತರ ಹೊರಗೆ ಬಂದವಳು, ಸಾಲಾಗಿ ಕೂತಿದ್ದ ಇಪ್ಪತ್ತು ಜನರಿಗೆ ಕೇಳುವಂತೆ, "ಬಲಗಡೆಯದೂ ಸ್ವಲ್ಪ ಹೋಗಿದೆಯಂತೆ ಕಣೋ. ಹನಿ ಬದಲಾಯಿಸಿದಾರೆ" ಎಂದಳು.

ಕೆಟ್ಟ ಸುದ್ದಿಯೇ. ಕೈ ತಾನಾಗಿ ಎದೆಗೆ ಹೋಯಿತು. ಎದೆ ಹೊಡೆದುಕೊಳ್ಳುತ್ತಿರಲಿಲ್ಲ; ಈ ಸಲ ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ. "ಎಷ್ಟು ಹೋಗಿದೆ?" ಎಂದು ಅಷ್ಟೇ ಗಟ್ಟಿಯಾಗಿ ಕೇಳಿದೆ. ಅವಳು ಕಡತ ಬಿಚ್ಚಿ ಚಿತ್ರ ತೋರಿಸಿದಳು. ಇಬ್ಬರೂ ಬಗ್ಗಿ ನೋಡಿದೆವು.

"ಆಮೇಲೆ ನೋಡಿ" ಎಂದರು ಭಾವ. "ಪಸಿ ತಾಳಕ್ಕಾಗ್ತಿಲ್ಲ. ಮೊದಲು ಊಟ."