ಪೂವಪ್ಪನ ಎರಡು ಟೇಪುಗಳು

ಮಂಗಳೂರಿಗೆ ಕಂಪ್ಯೂಟರ್ ಹೊಸತಾಗಿದ್ದ ಎಂಬತ್ತರ ದಶಕದಲ್ಲಿ, ಕಂಕನಾಡಿಯ ಒಂದು ಕಂಪನಿಯ ತಣ್ಣಗಿನ ಕೋಣೆಯಲ್ಲಿ ಟೇಪು ತಿರುಗತೊಡಗಿತೆಂದರೆ ಬೋಳಾರದ ಪೂವಪ್ಪನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆ ಟೇಪು ಓಡಿಸುವ, ಬೀರುವಿನಷ್ಟು ಎತ್ತರದ ಮೂರು ಯಂತ್ರಗಳು ಅವನ ಪಾಲಿಗೆ ಮೂವರು ಟೀಚರುಗಳು. ಸ್ಪಿರಿಟಿನ ಹತ್ತಿಯಿಂದ ಅವರ ಮುಖ ಒರೆಸದೆ ಅವನು ಬೆಳಗಿನ ಚಾ ಮುಟ್ಟಿದವನಲ್ಲ. ಒಂದು ಯಂತ್ರ ಟೇಪು ಹಿಡಿಯದೆ ಹಟ ಮಾಡಿದರೆ "ನಡುವಿನ ಟೀಚರಿಗೆ ಇವತ್ತು ಎಂತದೋ ಸಿಟ್ಟುಂಟು" ಎಂದು ಮೆಲ್ಲಗೆ ತಟ್ಟುತ್ತಿದ್ದ, ಅದು ಓಡಿಯೂ ಓಡುತ್ತಿತ್ತು. ಕಂಪನಿಯ ವಾರದ ಕೆಲಸವೆಲ್ಲ ಟೇಪಿಗೆ ಇಳಿಯುವಾಗ, ತುಂಬಿದ ಬಲೆ ಎಳೆಯುವವನ ಹುರುಪಿನಲ್ಲಿ "ಬತ್ತ್ಂಡ್, ಬತ್ತ್ಂಡ್", ಬಂತು ಬಂತು ಎಂದು ತುಳುವಿನಲ್ಲಿ ಹೇಳುತ್ತ, ಪಕ್ಕದ ಕೋಣೆಯ ಗುಮಾಸ್ತರನ್ನೂ ಕರೆದು ತೋರಿಸುತ್ತಿದ್ದ. ಬರೆದದ್ದನ್ನು ಮತ್ತೆ ಓದಿಸಿ ನೋಡಿ, ಒಂದು ಹಾಳಾದರೂ ಕೆಲಸ ಉಳಿಯಲಿ ಎಂದು ಇನ್ನೊಂದು ಪ್ರತಿ ತೆಗೆದ ಮೇಲೆಯೇ ಅವನಿಗೆ ಸಮಾಧಾನ. ಶನಿವಾರ ಒಂದು ಪ್ರತಿ ಹಂಪನಕಟ್ಟೆಯ ಶಾಖೆಗೆ, ಇನ್ನೊಂದು ಅದೇ ದಾರಿಯಲ್ಲಿ ಮುಂದಿದ್ದ ಬಂದರಿನ ಗೋದಾಮಿಗೆ ಹೋಗಬೇಕು. ಪೂವಪ್ಪ ಮಾತ್ರ ಒಂದನ್ನು ಮುಟ್ಟಿಸಿ, ವಾಪಸು ಬಂದು, ಇನ್ನೊಂದನ್ನು ಎತ್ತಿಕೊಂಡು ಮತ್ತೆ ಬಸ್ಸು ಹತ್ತುತ್ತಿದ್ದ. ಅವನಿಗೆ ಮರುಳು ಎಂದು ಆಫೀಸಿಗೆ ಆಫೀಸೇ ನಗುತ್ತಿತ್ತು. "ಎರಡನ್ನೂ ಒಟ್ಟಿಗೆ ರಿಕ್ಷಾದಲ್ಲಿ ಕೊಂಡುಹೋದರೆ ಎಂತ ಆಗ್ತದೆ ಮಾರಾಯ?" ಎಂದು ಮ್ಯಾನೇಜರ್ ಚಿತ್ತರಂಜನ ಶೆಟ್ಟರು ಒಮ್ಮೆ ಕೇಳಿಯೇಬಿಟ್ಟರು. ಮೊದಲ ಟೇಪನ್ನು ಎದೆಗೊತ್ತಿಕೊಂಡು ಬಸ್ಸಿಗೆ ಹೊರಟಿದ್ದ ಪೂವಪ್ಪ ಬಾಗಿಲಲ್ಲಿ ನಿಂತ. "ಅಪ್ಪ, ಅಣ್ಣ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿದ್ದರು ಸಾರ್," ಎಂದ. "ನನಗೆ ಅವತ್ತು ಜ್ವರ ಇತ್ತು. ಹಾಗಾಗಿ ಅಮ್ಮನಿಗೆ ನಾನೊಬ್ಬ ಉಳಿದೆ."